ನಮ್ಮ ದೆವ್ವದ ಕಿರುಚಿತ್ರಕ್ಕೆ ವಿದೇಶಿ ಪ್ರಶಸ್ತಿ ಬಂದಿದೆ ಅಂತ ಮೇಲ್ ಬಂದಿದೆ, ನಂಬಬಹುದಾ?

ಆ ಮೇಲ್‌ನವರಿಗೆ ದುಡ್ಡು ಕಳಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನೀವು ಕೇಳಿದ್ದು ಹೀಗೆ: ಗಂಗಾವತಿಯ ಗೆಳೆಯರೆಲ್ಲ ಸೇರಿ ಹನ್ನೆರಡು ನಿಮಿಷದ ದೆವ್ವದ ಚಿತ್ರ ಮಾಡಿದ್ದೀರಿ. ಯಾವುದೋ 'ಫೆಂಟಾಸ್ಟಿಕ್' ಚಿತ್ರೋತ್ಸವದವರು 'ಬೆಸ್ಟ್ ಹಾರರ್' ನಿಮ್ಮದೇ ಅಂದಿದ್ದಾರೆ. ಟ್ರೋಫಿ ಬೇಕಿದ್ದರೆ ಡಾಲರ್ ಲೆಕ್ಕದಲ್ಲಿ ಕಟ್ಟಬೇಕಂತೆ. ಇಂಥ ಪ್ರಶಸ್ತಿಗೆ ಬೆಲೆ ಇದೆಯಾ, ಜ್ಯೂರಿಯವರು ಹೇಗೆ ಆರಿಸುತ್ತಾರೆ, ನಮ್ಮ ಕಡೆಯವರು ಕಳಿಸಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಬಳ್ಳಾರಿಯಲ್ಲಿ ಎಡಿಟಿಂಗ್ ಮಾಡುತ್ತೇನೆ. ಹೊಟ್ಟೆಪಾಡಿಗೆ ಮದುವೆ ವಿಡಿಯೊ, ಇಷ್ಟಕ್ಕೆ ಕಿರುಚಿತ್ರ. ಈ ಭಾಗದ ಹುಡುಗರ ಚಿತ್ರಗಳಿಗೆ ಸಬ್‌ಟೈಟಲ್ ಹಾಕಿ ಉತ್ಸವಗಳಿಗೆ ಕಳಿಸುವ ಕೆಲಸವನ್ನೂ ಮಾಡಿಕೊಂಡು ಬಂದಿದ್ದೇನೆ.

ಫೆಂಟಾಸ್ಟಿಕ್ ಚಿತ್ರೋತ್ಸವ ಅನ್ನೋದು ಸುಳ್ಳಲ್ಲ. ದೆವ್ವ, ಮಾಯೆ, ಅನ್ಯಗ್ರಹ, ವಿಚಿತ್ರ ಕನಸು, ಇಂಥ ಚಿತ್ರಗಳಿಗೇ ಮೀಸಲಾದ ದೊಡ್ಡ ಉತ್ಸವಗಳಿವೆ. ಸ್ಪೇನ್‌ನ ಬಾರ್ಸಿಲೋನಾ ಹತ್ತಿರದ ಸಿಟ್ಜೆಸ್ ಎಂಬ ಕಡಲೂರಿನಲ್ಲಿ 1968ರಿಂದ ನಡೆಯುತ್ತಿದೆ. ಬ್ರಸೆಲ್ಸ್‌ನಲ್ಲಿ 1983ರಲ್ಲಿ ಶುರುವಾಯಿತು. ಅಲ್ಲಿನ ದೊಡ್ಡ ಪ್ರಶಸ್ತಿಯ ಹೆಸರು ಗೋಲ್ಡನ್ ರೇವನ್. ಪರದೆ ನೋಡಿ ಕೂಗಿ ಗಲಾಟೆ ಮಾಡುವ ಜನಕ್ಕೂ ಆ ಉತ್ಸವ ಹೆಸರುವಾಸಿ, ನಮ್ಮೂರ ಟಾಕೀಸಿನಲ್ಲಿ ಮೊದಲ ದಿನ ಇರುವ ಹಾಗೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಫೆಂಟೇಸಿಯಾ, ಕೊರಿಯಾದಲ್ಲಿ ಬುಚಿಯಾನ್, ಅಮೆರಿಕದ ಆಸ್ಟಿನ್‌ನಲ್ಲಿ ಫೆಂಟಾಸ್ಟಿಕ್ ಫೆಸ್ಟ್ ಇವೆ. ಸ್ವಿಟ್ಜರ್‌ಲೆಂಡಿನ ನುಶಾಟೆಲ್‌ನ ಮುಖ್ಯ ಪ್ರಶಸ್ತಿಗಂತೂ 'ಏಲಿಯನ್' ಚಿತ್ರದ ಆ ಭಯಂಕರ ಜೀವಿಯನ್ನು ರೂಪಿಸಿದ ಕಲಾವಿದ ಗೀಗರ್ ಹೆಸರೇ ಇದೆ.

ಯುರೋಪಿನ ಈ ಉತ್ಸವಗಳ ಸುದ್ದಿ ಓದುವಾಗ 'ಮೆಲಿಯೆಸ್' ಅನ್ನೋ ಪ್ರಶಸ್ತಿಯ ಹೆಸರು ಸಿಗುತ್ತದೆ. ಒಂದೊಂದು ಉತ್ಸವದಲ್ಲಿ ಬೆಳ್ಳಿ ಮೆಲಿಯೆಸ್ ಗೆದ್ದ ಚಿತ್ರಗಳು ಆಮೇಲೆ ಚಿನ್ನದ ಮೆಲಿಯೆಸ್‌ಗೆ ಸ್ಪರ್ಧಿಸುತ್ತವೆ. ಅದು ಯುರೋಪಿನ ಚಿತ್ರಗಳಿಗೆ ಮಾತ್ರ, ನೀವು ಅದರ ಆಸೆ ಬಿಡಿ.

ಈಗ ಜ್ಯೂರಿ ವಿಷಯ. ಬಹಳ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಚಿತ್ರ ಆರಿಸುವವರೇ ಬೇರೆ, ಪ್ರಶಸ್ತಿ ಕೊಡುವವರೇ ಬೇರೆ. ಬಂದ ರಾಶಿ ಚಿತ್ರಗಳನ್ನು ಮೊದಲು ಉತ್ಸವದ ಆಯ್ಕೆ ತಂಡ ನೋಡಿ ಸೋಸುತ್ತದೆ. ಉಳಿದ ಕೆಲವನ್ನು ಮಾತ್ರ ಜ್ಯೂರಿ ನೋಡುತ್ತದೆ. ಸಾಮಾನ್ಯವಾಗಿ ಮೂರರಿಂದ ಏಳು ಜನ ಇರುತ್ತಾರೆ. ನಿರ್ದೇಶಕರು, ವಿಮರ್ಶಕರು, ಸಂಗೀತ ಮಾಡುವವರು, ಮೇಕಪ್ ಮತ್ತು ಎಫೆಕ್ಟ್ಸ್ ಕಲಾವಿದರು, ಬೇರೆ ಉತ್ಸವ ನಡೆಸುವವರು. ಕಡೆಗೆ ಒಂದು ಕೋಣೆಯಲ್ಲಿ ಕೂತು ವಾದ ಮಾಡುತ್ತಾರೆ. ಒಮ್ಮತ ಆಗದಿದ್ದಾಗ ವಿಶೇಷ ಉಲ್ಲೇಖ ಅಂತಲೋ, ಇಬ್ಬರಿಗೂ ಹಂಚಿಯೋ ದಾರಿ ಹುಡುಕುತ್ತಾರೆ. ಒಂದೇ ಉತ್ಸವದಲ್ಲಿ ಬೇರೆ ಬೇರೆ ಜ್ಯೂರಿಗಳೂ ಇರುತ್ತವೆ. ಸಿಟ್ಜೆಸ್‌ನಲ್ಲಿ ವಿಮರ್ಶಕರ ಪ್ರಶಸ್ತಿ ಬೇರೆ, ಯುವಕರ ಜ್ಯೂರಿಯ ಪ್ರಶಸ್ತಿ ಬೇರೆ, ಪ್ರೇಕ್ಷಕರದ್ದೇ ಬೇರೆ. ಹಾಗಾಗಿ ಯಾರಾದರೂ 'ಸಿಟ್ಜೆಸ್‌ನಲ್ಲಿ ಗೆದ್ದ ಚಿತ್ರ' ಅಂದರೆ ಯಾವ ಪ್ರಶಸ್ತಿ ಅಂತ ಕೇಳಿ.

ಪ್ರೇಕ್ಷಕರ ಪ್ರಶಸ್ತಿಯನ್ನು ಹಗುರ ಮಾಡಬೇಡಿ. ಈ ಬಗೆಯ ಚಿತ್ರಗಳಿಗೆ ಅದೇ ದೊಡ್ಡ ಪರೀಕ್ಷೆ ಅಂತ ನನ್ನ ಅಭಿಪ್ರಾಯ. ನಮ್ಮ ಸುದೀಪ್ ವಿಲನ್ ಆಗಿದ್ದ ರಾಜಮೌಳಿಯವರ 'ಈಗ' ನೆನಪಿದೆಯಲ್ವಾ? ಸತ್ತವನು ನೊಣವಾಗಿ ಹುಟ್ಟಿ ಸೇಡು ತೀರಿಸಿಕೊಳ್ಳುವ ಕತೆ. 2013ರಲ್ಲಿ ಕೆನಡಾದ ಟೊರೊಂಟೊ ಆಫ್ಟರ್ ಡಾರ್ಕ್ ಉತ್ಸವದಲ್ಲಿ ಅದು ಹಲವು ಪ್ರಶಸ್ತಿ ಪಡೆಯಿತು. ತೆಲುಗು ಗೊತ್ತಿಲ್ಲದ ಜನ ಒಂದು ನೊಣದ ಪರವಾಗಿ ಚಪ್ಪಾಳೆ ಹೊಡೆದರು ಅಂದರೆ ಸುಮ್ನೆ ಅಲ್ಲ.

ಇನ್ನು ನಮ್ಮ ಕಡೆಯ ಮಾತು. ಇದನ್ನು ಹೇಳಲೇಬೇಕು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಇಲ್ಲಿನ ಒಂದು ಕಾಲೇಜಿನ ಕಿರುಚಿತ್ರ ಸ್ಪರ್ಧೆಗೆ ನನ್ನನ್ನೂ ತೀರ್ಪುಗಾರನಾಗಿ ಕರೆದಿದ್ದರು. ಕೈಗೆ ಅಂಕದ ಹಾಳೆ ಕೊಟ್ಟರು. ಕತೆ, ಅಭಿನಯ, ತಾಂತ್ರಿಕತೆ, ಸಾಮಾಜಿಕ ಸಂದೇಶ. ನಾಲ್ಕಕ್ಕೂ ಸಮಾನ ಅಂಕ. ಸಿಂಧನೂರು ಕಡೆಯ ಹುಡುಗಿಯೊಬ್ಬಳು ರೈಸ್ ಮಿಲ್ಲಿನ ಚಿತ್ರ ತಂದಿದ್ದಳು. ರಾತ್ರಿ ಪಾಳಿ. ಕರೆಂಟ್ ಹೋಗುತ್ತದೆ, ಮಷಿನ್ ನಿಲ್ಲುತ್ತದೆ. ಆದರೆ ಅಕ್ಕಿ ಸುರಿಯುವ ಸದ್ದು ಮಾತ್ರ ನಿಲ್ಲುವುದಿಲ್ಲ. ಹಮಾಲಿ ಟಾರ್ಚ್ ಹಿಡಿದು ಒಂದೊಂದೇ ಚೀಲದ ಸಾಲು ದಾಟುತ್ತಾನೆ. ಸದ್ದು ಎಡದಿಂದ ಬಲಕ್ಕೆ, ಬಲದಿಂದ ಬೆನ್ನ ಹಿಂದಕ್ಕೆ ಹೋಗುತ್ತದೆ. ದೆವ್ವವನ್ನು ಒಂದು ಸಲವೂ ತೋರಿಸುವುದಿಲ್ಲ. ಹಾಲ್‌ನಲ್ಲಿ ಪಿಟಕ್ ಅನ್ನೋ ಸದ್ದಿಲ್ಲ.

ಚರ್ಚೆಗೆ ಕೂತಾಗ ಜೊತೆಗಿದ್ದ ಹಿರಿಯರೊಬ್ಬರು, "ಚೆನ್ನಾಗಿದೆ, ಆದರೆ ಸಂದೇಶ ಏನು?" ಅಂದರು. ಆ ಕಾಲಮ್ಮಿನಲ್ಲಿ ಸೊನ್ನೆ. ಸಂಗೀತ ಜೋರು ಮಾಡಿ ಕುಡಿತ ಬಿಡಿ ಅಂತ ಹೇಳಿದ ಚಿತ್ರ ಮೊದಲ ಬಹುಮಾನ ತೆಗೆದುಕೊಂಡು ಹೋಯಿತು. ಆ ಹಿರಿಯರು ಕೆಟ್ಟವರಲ್ಲ, ರಂಗಭೂಮಿಯಲ್ಲಿ ಜೀವ ತೇದವರು. ಹಾಳೆಯಲ್ಲೇ ಹಾಗಿತ್ತು. ನಾನು ವಾದ ಮಾಡಿ ಆ ಹುಡುಗಿಗೆ ಧ್ವನಿಗೆ ಅಂತ ಒಂದು ವಿಶೇಷ ಬಹುಮಾನ ಕೊಡಿಸಿದೆ, ಅಷ್ಟೇ.

ಫೆಂಟಾಸ್ಟಿಕ್ ಉತ್ಸವಗಳು ಯಾಕೆ ಬೇಕು ಅಂದರೆ ಇದಕ್ಕೇ. ಅಲ್ಲಿ ಸಂದೇಶದ ಕಾಲಮ್ ಇರುವುದಿಲ್ಲ. ಭಯವನ್ನು ಹೇಗೆ ಕಟ್ಟಿದ್ದಾರೆ, ಸದ್ದನ್ನು ಎಲ್ಲಿ ನಿಲ್ಲಿಸಿದ್ದಾರೆ, ಕಾಣದ್ದನ್ನು ಹೇಗೆ ನಂಬಿಸಿದ್ದಾರೆ ಅಂತ ನೋಡುವ ಕಣ್ಣಿರುವವರು ಕೂತಿರುತ್ತಾರೆ. ಇಂಥ ಕಣ್ಣು ನಮಗೇನು ಹೊಸದಲ್ಲ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆ, ಪರದೆ, ಒಂದು ದೀಪ ಇಟ್ಟುಕೊಂಡು ರಾವಣನನ್ನು ನಿಲ್ಲಿಸುವ ಕಲೆ ಅದು. ಬಯಲಾಟದ ರಾಕ್ಷಸ ವೇಷ ಬಂದಾಗ ಮಕ್ಕಳು ತಾಯಿಯ ಸೆರಗು ಹಿಡಿದಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಯಾರೂ ಸಂದೇಶ ಕೇಳಲಿಲ್ಲ.

ನಿಮ್ಮ ಮೇಲ್ ವಿಷಯಕ್ಕೆ ಬರೋಣ. ಉತ್ಸವ ಯಾವ ಊರಿನ ಯಾವ ಥಿಯೇಟರ್‌ನಲ್ಲಿ, ಯಾವ ದಿನ ಅಂತ ಇದೆಯಾ? ಜ್ಯೂರಿಯವರ ಹೆಸರು ಹಾಕಿದ್ದಾರಾ? ಆ ಹೆಸರುಗಳನ್ನು ಹುಡುಕಿದರೆ ಅವರು ಮಾಡಿದ ಕೆಲಸ ಸಿಗುತ್ತದಾ? ತಿಂಗಳಿಗೊಂದು ಸಲ ಪ್ರಶಸ್ತಿ ಘೋಷಣೆ, ಒಂದೇ ತಿಂಗಳಲ್ಲಿ ನೂರಾರು ವಿಜೇತರು, ಪ್ರದರ್ಶನವೇ ಇಲ್ಲ, ಟ್ರೋಫಿಗೆ ಬೇರೆ ದುಡ್ಡು ಅಂದರೆ ಅದು ಅಂಗಡಿ. ಪ್ರವೇಶ ಶುಲ್ಕ ಬೇರೆ ಮಾತು, ಅದನ್ನು ಒಳ್ಳೆಯ ಉತ್ಸವಗಳೂ ಕೇಳುತ್ತವೆ. ಗೆದ್ದ ಮೇಲೆ ಟ್ರೋಫಿ ಮಾರುವುದೇ ಇವರ ಗುರುತು. ಪೋಸ್ಟರ್ ಮೇಲೆ ಪ್ರಶಸ್ತಿ ಬಂದಿದೆ ಅಂತ ತೋರಿಸುವ ಎಲೆಗಳ ಚಿಹ್ನೆ ಹಾಕಿಕೊಂಡರೆ ಊರವರು ಮೆಚ್ಚಬಹುದು. ಆದರೆ ಆಯ್ಕೆ ತಂಡದವರಿಗೆ ಇಂಥ ಹೆಸರುಗಳೆಲ್ಲ ಗೊತ್ತು, ಅದರಿಂದ ನಿಮಗೇ ನಷ್ಟ.

ಕಳಿಸುವುದಾದರೆ ಉತ್ಸವಗಳಿಗೆ ಚಿತ್ರ ಕಳಿಸುವ ವೆಬ್‌ಸೈಟ್ ಫಿಲ್ಮ್‌ಫ್ರೀವೇಯಲ್ಲಿ ಖಾತೆ ಮಾಡಿ. ಕೊನೆಯ ಗಡುವಿನ ತನಕ ಕಾದರೆ ಶುಲ್ಕ ಜಾಸ್ತಿ, ಮೊದಲ ಗಡುವಿನಲ್ಲೇ ಕಳಿಸಿ. ಚಿತ್ರವನ್ನು ಈಗಲೇ ಯೂಟ್ಯೂಬ್‌ಗೆ ಹಾಕಬೇಡಿ, ಕೆಲವು ಉತ್ಸವಗಳು ಅದನ್ನು ಒಪ್ಪುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಚಿಕ್ಕದಾಗಿ, ತಪ್ಪಿಲ್ಲದೆ ಇರಲಿ. ನಮ್ಮ ಕಡೆಯ ಮಾತನ್ನು ಪದಕ್ಕೆ ಪದ ಇಳಿಸಬೇಡಿ, ಭಾವ ಮುಟ್ಟಿದರೆ ಸಾಕು. ಇದ್ದ ದುಡ್ಡಲ್ಲಿ ಎರಡು ಮೂರು ಒಳ್ಳೆಯ ಉತ್ಸವ ಆರಿಸಿ. ಅದರಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ಒಂದಿರಲಿ. ಅದು ದೆವ್ವದ ಚಿತ್ರಗಳಿಗೇ ಮೀಸಲಾದದ್ದಲ್ಲ. ಆದರೆ ಅಲ್ಲಿ ಗೆದ್ದ ಚಿತ್ರ ಆಸ್ಕರ್ ಕಿರುಚಿತ್ರ ವಿಭಾಗಕ್ಕೆ ಅರ್ಜಿ ಹಾಕುವ ಅರ್ಹತೆ ಪಡೆಯುತ್ತದೆ, ಗಂಗಾವತಿಯಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಕಳಿಸುವ ಮುಂಚೆ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಚಿತ್ರದ ಧ್ವನಿಯನ್ನು ಇನ್ನೊಮ್ಮೆ ಕೇಳಿ. ದೆವ್ವದ ಚಿತ್ರದಲ್ಲಿ ಆಯ್ಕೆ ತಂಡ ಮೊದಲು ಕೈಬಿಡುವುದು ಗಾಳಿ ಸದ್ದು ತುಂಬಿದ ಧ್ವನಿಯ ಚಿತ್ರವನ್ನೇ.