‘ಲಿಟಲ್ ವಿಮೆನ್’ ಕಾದಂಬರಿ ರಂಗದ ಮೇಲೆ ಯಾವ ಯಾವ ರೂಪದಲ್ಲಿ ಬಂದಿದೆ? ಮೊದಲು ಯಾವುದನ್ನು ನೋಡಬೇಕು?

ಇದು ಮೆಗ್, ಜೋ, ಬೆತ್, ಏಮಿ ಎಂಬ ನಾಲ್ವರು ಅಕ್ಕತಂಗಿಯರ ಕಥೆ. ಮೊದಲು 2005ರ ಬ್ರಾಡ್‌ವೇ (ನ್ಯೂಯಾರ್ಕ್‌ನ ಪ್ರಸಿದ್ಧ ನಾಟಕರಂಗ) ಮ್ಯೂಸಿಕಲ್‌ನಿಂದ, ಅಂದರೆ ಹಾಡುಗಳಿರುವ ನಾಟಕದಿಂದ, ಶುರು ಮಾಡಿ. ಸಂಗೀತ ಜೇಸನ್ ಹೌಲ್ಯಾಂಡ್, ಜೋ ಪಾತ್ರದಲ್ಲಿ ಸಟನ್ ಫಾಸ್ಟರ್. ಬ್ರಾಡ್‌ವೇಯಲ್ಲಿ ಅದು ಓಡಿದ್ದು 137 ಪ್ರದರ್ಶನ ಮಾತ್ರ. ಆದರೆ ಹತ್ತೇ ನಟರು ಸಾಕಾಗುವ ನಾಟಕ, ಹಾಗಾಗಿ ಶಾಲೆ, ಕಾಲೇಜು ತಂಡಗಳಿಗೆ ಅದು ತುಂಬಾ ಹಿಡಿಸಿತು. ಜೋ ಬರೆದ ಕಥೆಗಳನ್ನು ಅದೇ ನಟರು ರಂಗದ ಮೇಲೆ ಆಡಿ ತೋರಿಸುತ್ತಾರೆ. ಬೆತ್ ಮತ್ತು ಜೋ ಸಮುದ್ರದ ದಂಡೆಯಲ್ಲಿ ಗಾಳಿಪಟ ಹಾರಿಸುವ ಹಾಡು ಕೇಳಿದರೆ ಕಣ್ಣು ತುಂಬಿ ಬರುತ್ತದೆ.

ಇದಕ್ಕೂ ಮೊದಲು, 1912ರಲ್ಲೇ, ಮೇರಿಯನ್ ಡಿ ಫಾರೆಸ್ಟ್ ಬರೆದ ನಾಟಕ ಬ್ರಾಡ್‌ವೇಗೆ ಬಂದಿತ್ತು.

ನನಗೆ ಜಾಸ್ತಿ ಇಷ್ಟವಾದದ್ದು ಮಾರ್ಕ್ ಅಡಾಮೋ ಅವರ ಆಪೆರಾ, ಅಂದರೆ ಮಾತನ್ನೂ ಹಾಡಿಯೇ ಹೇಳುವ ಸಂಗೀತ ನಾಟಕ. 1998ರಲ್ಲಿ ಹ್ಯೂಸ್ಟನ್‌ನಲ್ಲಿ ಮೊದಲು ಆಡಿದರು. ಅಡಾಮೋ ಸುಮ್ನೆ ಇಡೀ ಕಥೆಯನ್ನು ಒಂದಾದ ಮೇಲೊಂದು ಹೇಳುತ್ತಾ ಹೋಗುವುದಿಲ್ಲ. ಒಂದೇ ಎಳೆ ಹಿಡಿಯುತ್ತಾರೆ: ಅಕ್ಕತಂಗಿಯರು ಬೇರೆಯಾಗುವುದು ಜೋಗೆ ಬೇಡ. ಮೆಗ್ ಮದುವೆಯಾಗುತ್ತಾಳೆ, ಬೆತ್ ಸಾಯುತ್ತಾಳೆ, ಏಮಿ ದೂರ ಹೋಗುತ್ತಾಳೆ. ಹಿಡಿದಿಟ್ಟಷ್ಟೂ ಎಲ್ಲ ಜಾರುತ್ತದೆ. ಮನೆಯಲ್ಲಿ ಅಕ್ಕನ ಮದುವೆ ನೋಡಿದವರಿಗೆ ಇದು ಗೊತ್ತು, ಅಲ್ವಾ?

ಈ ಕಾದಂಬರಿಗೂ ರಂಗಕ್ಕೂ ನಂಟು ಹಳೆಯದು. 1868ರಲ್ಲಿ ಬಂದ ಮೊದಲ ಭಾಗದಲ್ಲೇ ನಾಲ್ವರೂ ಕ್ರಿಸ್‌ಮಸ್ ದಿನ ಮನೆಯಲ್ಲಿ ನಾಟಕ ಆಡುತ್ತಾರೆ. ಲೇಖಕಿ ಲೂಯಿಸಾ ಮೇ ಆಲ್ಕಾಟ್ ಕೂಡ ಚಿಕ್ಕಂದಿನಲ್ಲಿ ಅಕ್ಕ ಆನಾ ಜೊತೆ ಹೀಗೇ ನಾಟಕ ಬರೆದು ಆಡುತ್ತಿದ್ದರು.