ಓದುಗರ ಪ್ರಶ್ನೆ, ವೈದ್ಯರ ಉತ್ತರ: ‘ಈ ಮಕ್ಕಳು ಇರೋದೇ ಹಾಗೆ’ ಅಂದರೆ ಒಪ್ಪಬೇಡಿ

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ವರ್ಣತಂತು ದೋಷ) ಇದೆ. ಆರೇಳು ತಿಂಗಳಿಂದ ಮಂಕಾಗಿದ್ದಾನೆ, ದಪ್ಪಗಾಗುತ್ತಿದ್ದಾನೆ, ಕರೆದರೆ ತಿರುಗುವುದಿಲ್ಲ. ರಾತ್ರಿ ಗೊರಕೆ ಬೇರೆ. ‘ಈ ಮಕ್ಕಳು ಇರೋದೇ ಹಾಗೆ’ ಎನ್ನುತ್ತಾರೆ ಇಲ್ಲಿನ ಡಾಕ್ಟರು. ಹೌದೇ?
– ಒಬ್ಬ ತಾಯಿ, ಸಾಗರ

ಉತ್ತರ: ಖಂಡಿತ ಅಲ್ಲ. ಎಲ್ಲವನ್ನೂ ಡೌನ್ ಸಿಂಡ್ರೋಮ್ ಖಾತೆಗೆ ಬರೆದುಬಿಟ್ಟರೆ, ಚಿಕಿತ್ಸೆ ಇರುವ ಕಾಯಿಲೆಯೂ ಪತ್ತೆಯಾಗದೆ ಉಳಿಯುತ್ತದೆ.

ಮೊದಲು ಥೈರಾಯ್ಡ್. ಅದು ಕಡಿಮೆ ಕೆಲಸ ಮಾಡಿದರೂ ಮಕ್ಕಳು ಮಂಕಾಗುತ್ತಾರೆ, ದಪ್ಪಗಾಗುತ್ತಾರೆ. ಟಿಎಸ್‌ಎಚ್, ಫ್ರೀ ಟಿ4 ಎಂಬ ಎರಡು ರಕ್ತ ಪರೀಕ್ಷೆಗಳನ್ನೂ ಮಾಡಿಸಿ. ಲಕ್ಷಣ ಇರಲಿ, ಬಿಡಲಿ, ಇವರಿಗೆ ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಬೇಕು ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಮಾರ್ಗಸೂಚಿ. ಥೈರಾಯ್ಡ್ ಮಾತ್ರೆ ಶುರುವಾದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆ ಮುಂಚೆ ಕೊಡಿ. ಕಬ್ಬಿಣ, ಕ್ಯಾಲ್ಸಿಯಂ ಟಾನಿಕ್‌ಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಒಟ್ಟಿಗೆ ಕೊಟ್ಟರೆ ಮಾತ್ರೆ ಮೈಗೆ ಹತ್ತುವುದಿಲ್ಲ.

ಕರೆದರೆ ತಿರುಗದಿರುವುದಕ್ಕೆ ಕಿವಿ ನೋಡಬೇಕು. ಇವರ ಕಿವಿಯ ನಾಳ ಕಿರಿದು. ಗುಗ್ಗೆ ಕಟ್ಟುತ್ತದೆ, ಕಿವಿತಮಟೆಯ ಹಿಂದೆ ನೀರು ನಿಲ್ಲುತ್ತದೆ. ಗುಗ್ಗೆ ತೆಗೆಸಿದ ಮೇಲೆಯೇ ಟಿಂಪನೋಮೆಟ್ರಿ (ಕಿವಿತಮಟೆಯ ಪರೀಕ್ಷೆ), ಆಡಿಯೋಮೆಟ್ರಿ (ಕೇಳುವ ಶಕ್ತಿಯ ಪರೀಕ್ಷೆ) ಮಾಡಿಸಿ. ಹೆಡ್‌ಫೋನ್ ಹಾಕಲು ಬಿಡದಿದ್ದರೆ ನಿದ್ದೆಯಲ್ಲಿ ಮಾಡುವ ಬೇರಾ ಪರೀಕ್ಷೆ ಇದೆ; ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುವುದನ್ನು ಅದು ಅಳೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವೆಲ್ಲ ಆಗುತ್ತವೆ.

ಗೊರಕೆಗೆ, ಅಂಗಿ ಬಿಚ್ಚಿ ಮಲಗಿಸಿ, ಮುಖ ಎದೆ ಎರಡೂ ಕಾಣುವಂತೆ ಮೊಬೈಲಿನಲ್ಲಿ ಎರಡು ಮೂರು ನಿಮಿಷ ವಿಡಿಯೊ ಮಾಡಿ. ಎದೆ ಏದುತ್ತಿದ್ದರೂ ಸದ್ದು ನಿಂತು, ಆಮೇಲೆ ಗಕ್ಕನೆ ಉಸಿರೆಳೆದುಕೊಂಡರೆ ಸ್ಲೀಪ್ ಸ್ಟಡಿಗೆ (ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ) ತಡಮಾಡಬೇಡಿ. ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ತೆಗೆದ ಮೇಲೂ ಹಲವರಲ್ಲಿ ತೊಂದರೆ ಉಳಿಯುವುದರಿಂದ ಈ ಪರೀಕ್ಷೆ ಇನ್ನೊಮ್ಮೆ ಬೇಕು. ಆಪರೇಷನ್ನಿಗೆ ಮುಂಚೆ, ಈ ಮಕ್ಕಳ ಕುತ್ತಿಗೆಯ ಕೀಲು ಸಡಿಲವಿರಬಹುದೆಂದು ಅರಿವಳಿಕೆ ವೈದ್ಯರಿಗೆ ನೀವೇ ನೆನಪಿಸಿ. ನಡಿಗೆ ಕೆಟ್ಟರೆ, ಕತ್ತು ವಾಲಿದರೆ ಆ ಕೀಲು ಜಾರಿ ಬೆನ್ನುಹುರಿ ಒತ್ತುತ್ತಿರಬಹುದು; ಅದೇ ದಿನ ತೋರಿಸಿ.

ಪ್ರಶ್ನೆ: ಮಾತು ಬಾರದ ಮಗಳು ಒಂದು ವಾರದಿಂದ ಕೆನ್ನೆಗೆ ಹೊಡೆದುಕೊಳ್ಳುತ್ತಾಳೆ, ಊಟ ಬಿಟ್ಟಿದ್ದಾಳೆ. ಫಿಟ್ಸ್ ಮಾತ್ರೆ ನಡೆಯುತ್ತಿದೆ. ನಿದ್ದೆ ಮಾತ್ರೆ ಕೊಡಬಹುದೇ?
– ಓದುಗರು, ಗದಗ

ಉತ್ತರ: ಬೇಡ, ಮೊದಲು ನೋವು ಹುಡುಕಿ. ಮಾತು ಬಾರದ ಮಕ್ಕಳ ನೋವು ಗುರುತಿಸಲೆಂದೇ ಕೆನಡಾದ ಸಂಶೋಧಕರು ಮಾಡಿದ ಪಟ್ಟಿಯಲ್ಲಿ 30 ಅಂಶಗಳಿವೆ: ನರಳಾಟ, ಹುಬ್ಬುಗಂಟು, ಮೈಯ ಒಂದು ಜಾಗ ಮುಟ್ಟಗೊಡದಿರುವುದು, ಹೀಗೆ. ಎರಡು ಗಂಟೆ ಗಮನಿಸಿ ಒಂದೊಂದಕ್ಕೂ 0ಯಿಂದ 3 ಅಂಕ ಹಾಕಬೇಕು. ಮೊತ್ತ 7 ಮುಟ್ಟಿದರೆ ನೋವಿದೆ ಎಂದೇ ಹಿಡಿಯುವುದು.

ಟಾರ್ಚ್ ಬೆಳಕಿನಲ್ಲಿ ದವಡೆ ಹಲ್ಲು ನೋಡಿ. ಫಿಟ್ಸ್ ಮಾತ್ರೆ ಫೆನಿಟಾಯಿನ್ ಆಗಿದ್ದರೆ ವಸಡು ಹಲ್ಲಿನ ಮೇಲೇ ಬೆಳೆದಿರಬಹುದು. ಹಾಗೆಂದು ಮಾತ್ರೆ ನಿಲ್ಲಿಸಬೇಡಿ, ಫಿಟ್ಸ್ ಮರುಕಳಿಸುತ್ತದೆ. ಕಿವಿಯನ್ನೂ ತೋರಿಸಿ. ಮಲಬದ್ಧತೆಯೂ ಇರಬಹುದು. ಚಡ್ಡಿಯಲ್ಲಿ ನೀರುನೀರಾಗಿ ಕಂಡರೆ ಭೇದಿ ಎಂದುಕೊಳ್ಳಬೇಡಿ: ಒಳಗೆ ಕಟ್ಟಿರುವ ಗಟ್ಟಿ ಮಲದ ಪಕ್ಕದಿಂದ ಹಾಗೆ ಸೋರುತ್ತದೆ. ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಇನ್ನಷ್ಟು ಕಟ್ಟುತ್ತದೆ.

ಪ್ರಶ್ನೆ: ಬುದ್ಧಿಮಾಂದ್ಯವಿರುವ ಹತ್ತು ವರ್ಷದ ಮಗನ ರಕ್ತವನ್ನು ಸಂಶೋಧನೆಗೆ ಕೇಳಿದ್ದಾರೆ. ಕೊಡಬಹುದೇ?
– ಓದುಗರು, ಹಾಸನ

ಉತ್ತರ: ಕೊಡಬಹುದು. ಆದರೆ ಎಥಿಕ್ಸ್ ಕಮಿಟಿಯ (ಸಂಶೋಧನೆ ನ್ಯಾಯವಾಗಿದೆಯೇ ಎಂದು ನೋಡುವ ಸಮಿತಿ) ಒಪ್ಪಿಗೆ, ಕನ್ನಡದ ಮಾಹಿತಿ ಪತ್ರ ಎರಡನ್ನೂ ಕೇಳಿ ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ನಿಮ್ಮ ಸಹಿಯ ಜೊತೆಗೆ, ಏಳು ವರ್ಷ ದಾಟಿದ ಮಗುವಿಗೂ ಅದರ ಮಟ್ಟಕ್ಕೆ ತಿಳಿಯುವಂತೆ ಹೇಳಿ ಒಪ್ಪಿಗೆ ಪಡೆಯಬೇಕು. ಮಿಕ್ಕ ರಕ್ತ ಎಷ್ಟು ವರ್ಷ ಇಡುತ್ತಾರೆ, ಬೇರೆ ಅಧ್ಯಯನಕ್ಕೂ ಬಳಸುತ್ತಾರಾ, ಫಲಿತಾಂಶ ನಿಮಗೆ ತಿಳಿಸುತ್ತಾರಾ ಎಂಬುದನ್ನು ಕೇಳಿ, ಬರವಣಿಗೆಯಲ್ಲೇ ಪಡೆಯಿರಿ.