ಕ್ರಾಕೋವ್ ಚಳಿಗೆ ಬಿಸಿ ಬಿಯರ್: ಉಕ್ಕದಂತೆ, ಒಡೆಯದಂತೆ ಮಾಡುವುದು ಹೇಗೆ

ಪೋಲೆಂಡಿನ ಕ್ರಾಕೋವ್‌ಗೆ ಬಂದು ಇನ್ನೂ ತಿಂಗಳಾಗಿಲ್ಲ, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ, ಆಫೀಸಿನವರು ಹೇಳಿದರೆಂದು ಮನೆಯಲ್ಲಿ ಬಿಸಿ ಬಿಯರ್ ಮಾಡಿದರೆ ಕಹಿಯಾಯಿತು, ಮೊಟ್ಟೆ ಗಂಟು ಕಟ್ಟಿತು, ಒಲೆಯ ಮೇಲೆಲ್ಲ ಉಕ್ಕಿತು ಎಂದು ಬರೆದಿದ್ದೀರಿ. ಚಳಿಗೂ ನೆಗಡಿಗೂ ಇದು ನಿಜವಾಗಿ ಒಳ್ಳೆಯದೇ ಎಂದೂ ಕೇಳಿದ್ದೀರಿ. ಬಹುಶಃ ನೀವು ಬಿಯರನ್ನು ಚಹಾದ ಹಾಗೆ ಕುದಿಸಿದ್ದೀರಿ. ಮೂರು ತೊಂದರೆಯೂ ಅಲ್ಲಿಂದಲೇ ಶುರು.

ಇಲ್ಲಿ ಇದಕ್ಕೆ ‘ಗ್‌ಝಾನೆ ಪಿವೊ’ ಅನ್ನುತ್ತಾರೆ, ಕಾಯಿಸಿದ ಬಿಯರ್ ಎಂದೇ ಅರ್ಥ. ಕಾಫಿ, ಚಹಾ ಬಳಕೆಗೆ ಬರುವ ಮೊದಲು ಪೋಲೆಂಡಿನಲ್ಲಿ ಬೆಳಗಿನ ತಿಂಡಿಗೆ ಬಿಯರಿನ ಸಾರು ಕುಡಿಯುತ್ತಿದ್ದರು. ಮೊಟ್ಟೆಯ ಹಳದಿ ಅದಕ್ಕೂ ಬೀಳುತ್ತಿತ್ತು. ರಿನೆಕ್ ಗ್ವುವ್ನಿ ಚೌಕದ ಕ್ರಿಸ್‌ಮಸ್ ಸಂತೆಯಲ್ಲಿ ಬರೀ ‘ಗ್‌ಝಾನ್ಯೆತ್ಸ್’ ಎಂದರೆ ಸಾಮಾನ್ಯವಾಗಿ ಬಿಸಿ ವೈನ್ ಕೈಗೆ ಬರುತ್ತದೆ. ಬಿಯರ್ ಬೇಕಿದ್ದರೆ ‘ಪಿವೊ’ ಎಂದು ಬಿಡಿಸಿ ಹೇಳಿ.

ಬಿಯರಿನ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ತಿಸ್ಕಿಯೆ, ಝಿವ್ಯೆಟ್ಸ್, ಲೆಹ್ ಥರದ ಮಾಮೂಲಿ ಲಾಗರ್ ತನ್ನಿ, ಅಂದರೆ ತಿಳಿ ಬಣ್ಣದ, ಕಹಿ ಕಡಿಮೆಯ ಬಿಯರ್. ಐಪಿಎ ಎಂಬ ಹೆಚ್ಚು ಕಹಿಯ ಬಿಯರ್ ಬೇಡವೇ ಬೇಡ. ಕಾದಾಗ ಬಿಯರಿನ ಗ್ಯಾಸ್ ಹೊರಟುಹೋಗುತ್ತದೆ, ಅದರ ಚುರುಕು ಹೋದ ಮೇಲೆ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿಯೊಂದೇ ನಾಲಿಗೆಯಲ್ಲಿ ಉಳಿಯುತ್ತದೆ. ಬಾಲ್ಟಿಕ್ ಪೋರ್ಟರ್ ಎಂಬ ಕಪ್ಪು ಬಿಯರ್ ಕಾಯಿಸಿದರೆ ರುಚಿಯಾಗಿರುತ್ತದೆ ನಿಜ, ಆದರೆ ಅದರಲ್ಲಿ ಆಲ್ಕೋಹಾಲ್ ಶೇ 9 ದಾಟುವುದುಂಟು. ಹೊಸಬರಿಗೆ ಅದು ಬೇಡ.

ಇಬ್ಬರಿಗೆ ಅಳತೆ ಇಷ್ಟು: 500 ಮಿ.ಲೀ. ಬಿಯರ್, ಎರಡು ಮೊಟ್ಟೆಯ ಹಳದಿ, ಒಂದು ದೊಡ್ಡ ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಜೇನುತುಪ್ಪ, ನಾಲ್ಕು ಲವಂಗ, ಬೆರಳುದ್ದದ ಚಕ್ಕೆ, ತೆಳ್ಳಗೆ ಹೆಚ್ಚಿದ ಹಸಿ ಶುಂಠಿ ಮೂರು ಬಿಲ್ಲೆ, ಕಿತ್ತಳೆ ಸಿಪ್ಪೆ ಒಂದು ಪಟ್ಟಿ. ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಚಾಕುವಿನಿಂದ ಕೆರೆದು ತೆಗೆಯಿರಿ, ಅದೂ ಕಹಿ. ಊರಿನಿಂದ ತಂದ ಏಲಕ್ಕಿ ಇದ್ದರೆ ಒಂದನ್ನು ಜಜ್ಜಿ ಹಾಕಬಹುದು. ಇಲ್ಲಿಯವರು ಅಷ್ಟಾಗಿ ಹಾಕುವುದಿಲ್ಲ, ಆದರೆ ಕಿತ್ತಳೆಯ ಜೊತೆ ಚೆನ್ನಾಗಿ ಹೊಂದುತ್ತದೆ. ಚಕ್ಕೆ ಪುಡಿ ಮಾತ್ರ ಬೇಡ. ಅದು ನೀರು ಹೀರಿ ಲೋಳೆಲೋಳೆಯಾಗಿ ಲೋಟದ ತಳದಲ್ಲಿ ಕೂರುತ್ತದೆ, ಮೇಲಾಗಿ ಬಿಯರಿಗೆ ಯಾವ ಪುಡಿ ಬಿದ್ದರೂ ನೊರೆ ಒಮ್ಮೆಲೇ ಎದ್ದುಬಿಡುತ್ತದೆ.

ಬಿಯರನ್ನು ಒಂದು ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆದು ಎತ್ತರದ ಪಾತ್ರೆಗೆ ಬಗ್ಗಿಸಿಡಿ. ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಮಸಾಲೆಯನ್ನು ಬೇರೆ ಪಾತ್ರೆಯಲ್ಲಿ ಕಾಲು ಲೋಟ ನೀರು ಹಾಕಿ ಐದು ನಿಮಿಷ ಕುದಿಸಿ. ಲವಂಗ, ಚಕ್ಕೆ ಘಮ ಬಿಡಲು ಕುದಿ ಬೇಕು, ಬಿಯರಿಗೆ ಕುದಿ ಆಗದು. ಅದಕ್ಕೇ ಎರಡನ್ನೂ ಬೇರೆ ಮಾಡುವುದು. ಆ ಕಷಾಯವನ್ನು ಸೋಸಿ ಬಿಯರಿಗೆ ನಿಧಾನವಾಗಿ ಸುರಿದು, ಸಣ್ಣ ಉರಿಯಲ್ಲಿಡಿ.

ಈಗ ಪಾತ್ರೆಯ ಮುಂದೆಯೇ ನಿಲ್ಲಿ. ಮೊದಲು ಬಿಳಿ ನೊರೆ ದಟ್ಟವಾಗಿ ಏಳುತ್ತದೆ, ಹಾಲು ಉಕ್ಕುವ ಹಾಗೆಯೇ ಕಾಣುತ್ತದೆ. ಅದು ಕುದಿಯಲ್ಲ, ಗ್ಯಾಸ್ ಹೋಗುತ್ತಿರುವುದು. ಸೌಟಿನಿಂದ ಮೆಲ್ಲಗೆ ತಿರುವುತ್ತಿದ್ದರೆ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಆಮೇಲೆ ಮೇಲ್ಮೈ ತಿಳಿಯಾಗಿ, ಹಬೆ ಏಳಲು ಶುರುವಾಗಿ, ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆ ಕಾಣಿಸಿದರೆ ಸಾಕು, ಇಳಿಸಿ. ಥರ್ಮಾಮೀಟರ್ ಇದ್ದರೆ 65ರಿಂದ 70 ಡಿಗ್ರಿ. ನಿಮ್ಮ ಬಾಡಿಗೆ ಮನೆಯಲ್ಲಿ ಕರೆಂಟ್ ಒಲೆ ಇದ್ದರೆ ಇಲ್ಲೇ ಎಡವುವುದು. ನಮ್ಮ ಗ್ಯಾಸ್ ಒಲೆಯ ಹಾಗೆ ಆರಿಸಿದ ಕೂಡಲೇ ಅದು ತಣ್ಣಗಾಗುವುದಿಲ್ಲ, ತಟ್ಟೆ ಕೆಂಡದ ಹಾಗೆ ಕಾದೇ ಇರುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಪಾತ್ರೆಯನ್ನೇ ಪಕ್ಕಕ್ಕೆ ಎತ್ತಿಡಬೇಕು.

ಬಿಯರ್ ಕಾಯುವಷ್ಟರಲ್ಲಿ ಹಳದಿಗೆ ಸಕ್ಕರೆ ಹಾಕಿ ಕಡೆಯಿರಿ. ಬಣ್ಣ ತಿಳಿಯಾಗಿ, ಚಮಚ ಎತ್ತಿದರೆ ರಿಬ್ಬನ್ನಿನ ಹಾಗೆ ಮಡಚಿ ಬೀಳಬೇಕು. ಕೈಯಲ್ಲಿ ಕಡೆದರೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಅದಕ್ಕೆ ಬಿಸಿ ಬಿಯರನ್ನು ಒಂದು ಸೌಟು, ದಾರದ ಹಾಗೆ ಸಣ್ಣಗೆ ಸುರಿಯುತ್ತ, ಇನ್ನೊಂದು ಕೈಯಲ್ಲಿ ಬಿಡದೆ ಕಡೆಯಿರಿ. ಎರಡನೇ ಸೌಟೂ ಹಾಗೆಯೇ. ಆಮೇಲೆ ಈ ಮಿಶ್ರಣವನ್ನೆಲ್ಲ ಪಾತ್ರೆಗೆ ಸುರಿದು ತಿರುವಿ. ಹಳದಿಯನ್ನೇ ನೇರವಾಗಿ ಬಿಸಿ ಬಿಯರಿಗೆ ಹಾಕಿದರೆ ಬಿದ್ದಲ್ಲೇ ಬೆಂದು ಗಂಟಾಗುತ್ತದೆ, ನಿಮಗೆ ಆದದ್ದು ಇದೇ. ಗಂಟಾದದ್ದು ಮತ್ತೆ ಕರಗುವುದಿಲ್ಲ, ಸೋಸಿ ಕುಡಿಯಬೇಕು ಅಷ್ಟೆ. ತೀರಾ ನೀರಾಗಿ ಕಂಡರೆ ಮತ್ತೆ ಒಂದು ನಿಮಿಷ ಸಣ್ಣ ಉರಿಗಿಟ್ಟು ತಿರುವಿ, ಗುಳ್ಳೆ ಬರಲು ಬಿಡಬೇಡಿ. ಜೇನು ಕೊನೆಗೆ ಹಾಕಿ, ಇಲ್ಲದಿದ್ದರೆ ಅದರ ಪರಿಮಳ ಹಬೆಯ ಜೊತೆ ಹೋಗಿಬಿಡುತ್ತದೆ.

ಮೊಟ್ಟೆ ತಾಜಾ ಇರಲಿ. ಚಿಪ್ಪಿನ ಮೇಲಿನ ಮುದ್ರೆಯ ಮೊದಲ ಅಂಕಿ ಕೋಳಿ ಸಾಕಿದ ರೀತಿಯನ್ನು ಹೇಳುತ್ತದೆ: 0 ಸಾವಯವ, 3 ಪಂಜರ. ಈ ಬಿಸಿಗೆ ಹಳದಿ ಪೂರ್ತಿ ಬೇಯುವುದಿಲ್ಲ, ಹೊಟ್ಟೆ ಸೂಕ್ಷ್ಮ ಇರುವವರು ಮೊಟ್ಟೆ ಬಿಟ್ಟು, ಸಕ್ಕರೆ, ಜೇನಿನ ಬದಲು ಎರಡು ಚಮಚ ರಾಸ್‌ಬೆರಿ ಸಿರಪ್ ಹಾಕಿದರೂ ಆಯಿತು. ಅದೂ ಇಲ್ಲಿಯ ರೂಢಿಯೇ. ಶೂನ್ಯ ಆಲ್ಕೋಹಾಲಿನ ಬಿಯರಿನಲ್ಲೂ ಇದು ಚೆನ್ನಾಗಿ ಬರುತ್ತದೆ. ಆ ಬಿಯರ್ ಮೊದಲೇ ಸಿಹಿ, ಸಕ್ಕರೆ, ಜೇನು ಎರಡನ್ನೂ ಅರ್ಧಕ್ಕೆ ಇಳಿಸಿ. ಕುಡಿಯಲು ಪಿಂಗಾಣಿ ಮಗ್ ಒಳ್ಳೆಯದು. ಸ್ಟೀಲ್ ಲೋಟ ತುಟಿ ಸುಡುತ್ತದೆ, ಗಾಜಿನ ಲೋಟ ಬಿರಿಯಬಹುದು. ಮುಚ್ಚಿದ ಬಾಟಲಿಯನ್ನು ಎಂದೂ ಕಾಯಿಸಬೇಡಿ, ಸಿಡಿಯುತ್ತದೆ.

ಇನ್ನು ಚಳಿಯ ಮಾತು. ಕುಡಿದ ಕೂಡಲೇ ಮೈ ಬೆಚ್ಚಗಾದಂತೆ ಅನ್ನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ಅದೇ ಕಾರಣಕ್ಕೆ ಹೊರಗೆ ಹೋದರೆ ಮೈಯ ಶಾಖ ಬೇಗ ಕಳೆದುಹೋಗುತ್ತದೆ. ಹೊರಡುವ ಮುಂಚೆ ಅಲ್ಲ, ಮನೆ ಸೇರಿ ಒದ್ದೆ ಬೂಟು ಬಿಚ್ಚಿದ ಮೇಲೆ ಕುಡಿಯುವ ಪಾನೀಯ ಇದು. ನೆಗಡಿಯನ್ನು ವಾಸಿ ಮಾಡುವುದಿಲ್ಲ. ನೆಗಡಿಗೆಂದು ಪ್ಯಾರಸಿಟಮಾಲ್ ಪುಡಿ ತೆಗೆದುಕೊಳ್ಳುತ್ತಿದ್ದರೆ ಆ ದಿನ ಬಿಯರ್ ಬಿಡಿ.

ಕಾಯಿಸಿದರೆ ಆಲ್ಕೋಹಾಲ್ ಹೋಗುತ್ತದೆ ಎಂದು ನಂಬಬೇಡಿ, ಇಷ್ಟು ಬಿಸಿಗೆ ಬಹುಪಾಲು ಉಳಿದೇ ಇರುತ್ತದೆ. ಇಲ್ಲಿ ರಕ್ತದಲ್ಲಿ ಆಲ್ಕೋಹಾಲ್ 0.2 ಪ್ರಮಿಲ್ (ಸಾವಿರಕ್ಕೆ 0.2 ಭಾಗ) ಆದರೇ ಗಾಡಿ ಓಡಿಸುವುದು ತಪ್ಪು, 0.5 ದಾಟಿದರೆ ಕ್ರಿಮಿನಲ್ ಕೇಸು. ಸೈಕಲ್ಲಿಗೂ ದಂಡ ಬೀಳುತ್ತದೆ. ಥರ್ಮಸ್ಸಿನಲ್ಲಿ ತುಂಬಿಕೊಂಡು ರಸ್ತೆಯಲ್ಲಿ ಕುಡಿದರೂ ದಂಡವೇ. ಕ್ರಾಕೋವ್ ಅಂಗಡಿಗಳಲ್ಲಿ 2023ರ ಜುಲೈಯಿಂದ ರಾತ್ರಿ 12ರಿಂದ ಬೆಳಗಿನ 5.30ರ ತನಕ ಮದ್ಯ ಮಾರುವುದಿಲ್ಲ, ಬಿಯರ್ ಸಂಜೆಯೇ ತಂದಿಡಿ.

ಪಾತ್ರೆ ತೊಳೆಯಲು ಬಿಸಿನೀರು ಹಾಕಬೇಡಿ, ಅಂಟಿದ ಹಳದಿ ಬೆಂದು ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ತಾನೇ ಬಿಡುತ್ತದೆ.